ಕಲ್ಲಿನ ಮೇಲಿನ ಪಾಠಪಟ್ಟಿ

(ಆಕಾಶವಾಣಿ ಭಾಷಣ)

ನಾನು ನಿವೃತ್ತನಾಗುವ ಹಿಂದಿನ ವರ್ಷ ನನ್ನ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಳ್ಳಿಗಾವೆಗೆ ಹೋಗಿದ್ದೆ. ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಹತ್ತಿರ ಇರುವ ಊರು ಅದು. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದವರು ಆ ವರ್ಷ ಐವರೇ ಆದ್ದರಿಂದ ಬಸ್ಸು ಗೊತ್ತುಮಾಡುವ ತಾಪತ್ರಯವಿರಲಿಲ್ಲ. ಇಡೀ ತರಗತಿ ಒಂದು ಜೀಪಿನಲ್ಲಿ ಹಿಡಿಸಿತು. ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ನೆರಳು ನೋಡಿ ಕುಳಿತೆವು. ಕೋಡಿಯ ಮಠದ ಶಾಸನದ ಪಾಠವನ್ನು ನಕಲು ಮಾಡಿಸಿ ತಂದಿದ್ದೆ. ಒಬ್ಬೊಬ್ಬರೂ ಒಂದೊಂದು ಭಾಗ ಓದಿದರು. ಓದಿ ಮುಗಿಸಿದ ಮೇಲೆ, ಸಾಮಾನ್ಯವಾಗಿ ಬಾಯಿಬಿಡದ ಒಬ್ಬ ಹುಡುಗಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಸರ್, ಇದರಲ್ಲಿ ನಮ್ಮ ಸಬ್ಜೆಕ್ಟ್ ಎಲ್ಲಿದೆ?” ಎಂದು ಕೇಳಿದಳು.

ಆಗ ಏನೋ ಒಂದು ಉತ್ತರ ಹೇಳಿದೆ. ಅದು ಸರಿಯಾದ ಉತ್ತರವಲ್ಲವೆಂದು ಹಿಂದಿರುಗುವ ದಾರಿಯಲ್ಲಿಯೇ ನನಗೆ ತೋರಿತು. ಇಂದಿನ ಭಾಷಣ ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರವೆಂದು ಶ್ರೋತೃಗಳು ತಿಳಿಯಬಹುದು.

ಮೊದಲು ಶಾಸನದ ಸಂಗತಿ. ಬಳ್ಳಿಗಾವೆ ಒಂದು ಕಾಲಕ್ಕೆ ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ದೊಡ್ಡ ಪಟ್ಟಣ. ಶೈವ ಮಠಗಳು, ವೈಷ್ಣವ ದೇವಾಲಯಗಳು, ಜೈನ ಬಸದಿಗಳು, ಒಂದು ಬೌದ್ಧ ವಿಹಾರ, ಎಲ್ಲವೂ ಅಲ್ಲಿದ್ದುವು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಶೈವರ ಮಠಕ್ಕೆ, ಅದು ಕೆರೆಯ ಕೋಡಿಯ ಬಳಿ ಇದ್ದುದರಿಂದ, ಕೋಡಿಯ ಮಠವೆಂದು ಹೆಸರು. ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, 1162ರಲ್ಲಿ ಹುಟ್ಟಿದ ಒಂದು ಶಾಸನ ಈ ಮಠವನ್ನು ವರ್ಣಿಸುತ್ತದೆ. ಬಿ. ಎಲ್. ರೈಸ್ ಇದನ್ನು ತಮ್ಮ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಸೇರಿಸಿದರು. ದಾನಶಾಸನಗಳಲ್ಲಿ ಬರುವ ವರ್ಣನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು, ಓದಿದವರಿಗೆ ಬೇಸರ ತರುವಂಥವು. ಇದು ಹಾಗಲ್ಲ. ಮಠದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಇದು ಒಂದೊಂದಾಗಿ ಹೆಸರಿಟ್ಟು ಹೇಳುತ್ತದೆ. ಇಂದಿನ ವಿಶ್ವವಿದ್ಯಾನಿಲಯಗಳು ಪ್ರವೇಶದ ಕಾಲದಲ್ಲಿ ಅಚ್ಚುಹಾಕಿ ಹಂಚುವ ವಿವರಣ ಪುಸ್ತಿಕೆ ಉಂಟಲ್ಲ, ಅದನ್ನು ಕಲ್ಲಿನಲ್ಲಿ ಕೊರೆದಂತಿದೆ.

ಋಗ್ಯಜುಸ್ಸಾಮಾಥರ್ವಗಳೆಂಬ ನಾಲ್ಕು ವೇದಗಳು, ಅವುಗಳ ಅಂಗಗಳು. ವ್ಯಾಕರಣದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದುವು. ದರ್ಶನಗಳಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ. ಆಮೇಲೆ ಲಾಕುಲ ಸಿದ್ಧಾಂತ, ಪಾತಂಜಲ ಮುಂತಾದ ಯೋಗಶಾಸ್ತ್ರಗಳು, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇವುಗಳನ್ನು ಓದಿಸುವುದಷ್ಟೇ ಅಲ್ಲ, ವ್ಯಾಕರಣಕ್ಕೂ ದರ್ಶನಗಳಿಗೂ ಅಲ್ಲಿ ವ್ಯಾಖ್ಯಾನಗಳು ರಚಿತವಾಗುತ್ತಿದ್ದುವೆಂದೂ ಶಾಸನ ಹೇಳುತ್ತದೆ. ಬೋಧನೆ, ಸಂಶೋಧನೆ ಎಂದು ನಾವು ಈಗ ಎರಡಾಗಿ ಒಡೆದಿರುವುದು ಅಲ್ಲಿ ಒಂದೇ ಚಾವಡಿಯಲ್ಲಿ ನಡೆಯುತ್ತಿತ್ತು.

ಕಾಳಾಮುಖರು ಕಟ್ಟಾ ಶೈವರು. ಅವರ ಪಟ್ಟಿಯಲ್ಲಿ ಬೌದ್ಧ ದರ್ಶನ ಸೇರಿದೆ. ಜೈನನಾದ ಶಾಕಟಾಯನನ ವ್ಯಾಕರಣ ಸೇರಿದೆ. ಖಂಡಿಸುವುದಕ್ಕಾಗಿಯೇ ಓದುತ್ತಿದ್ದರು ಎಂದು ಕೆಲವರು ಹೇಳಬಹುದು. ಇರಲಿ. ಖಂಡಿಸಬೇಕಾದರೂ ಮೊದಲು ಓದಬೇಕು ಎಂಬ ಮರ್ಯಾದೆ ಅವರಲ್ಲಿತ್ತು ಎಂದಾದರೂ ಒಪ್ಪಬೇಕಷ್ಟೆ.

ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ಓದಿನ ಪಟ್ಟಿ ಮುಗಿದ ಕೂಡಲೇ ಊಟದ ಪಟ್ಟಿ ಬರುತ್ತದೆ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವುಂಟು. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಹೊಗಳುಭಟರಿಗೆ ಉಂಟು. ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ, ಕ್ಷಪಣಕರೆಂಬ ನಾನಾ ಮತಗಳ ಭಿಕ್ಷುಗಳಿಗೂ ಉಂಟು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯಿದೆ. ಸಕಲ ಜೀವಿಗಳಿಗೂ ಅಭಯವಿದೆ. ನಾನು ಈ ಭಾಗವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ, ಹೇಳುವಾಗಲೆಲ್ಲ ಹೆಮ್ಮೆಪಟ್ಟಿದ್ದೇನೆ. ಆದರೆ ಒಂದು ಅಂಶವನ್ನು ಗಮನಿಸಿರಲಿಲ್ಲ. ಕಥೆ ಹೇಳುವವನೂ ಹಾಡುವವನೂ ಕಾಣಿಸಿಕೊಳ್ಳುವುದು ಈ ಎರಡನೆಯ ಪಟ್ಟಿಯಲ್ಲಿ. ಅವರಿಗೆ ಅನ್ನವುಂಟು, ಅವರ ಕಥೆಗೆ, ಹಾಡಿಗೆ ವ್ಯಾಖ್ಯಾನವಿಲ್ಲ.

ಇನ್ನು ಕನ್ನಡ. ಈ ವರ್ಣನೆಯೆಲ್ಲ ಇರುವ ಶಾಸನವೇ ಕನ್ನಡದ್ದು. ಕನ್ನಡ ಲಿಪಿ, ಕನ್ನಡ ರಚನೆ, ದತ್ತಿ ಕೊಟ್ಟವನಿಗೂ ಪಡೆದವನಿಗೂ ತಿಳಿಯಬೇಕೆಂದು ಕನ್ನಡದಲ್ಲಿ ಬರೆಸಿದ್ದು. ಆದರೆ ಅದು ಹೇಳುವ ವಿಷಯಗಳ ಸಾಲಿನಲ್ಲಿ ಕನ್ನಡದ ಹೆಸರಿಲ್ಲ. ಪಂಪನ ಕಾವ್ಯಗಳಿಗೆ ಆ ವೇಳೆಗೆ ಎರಡು ಶತಮಾನಕ್ಕೂ ಮಿಕ್ಕ ವಯಸ್ಸು. ಎರಡನೆಯ ನಾಗವರ್ಮನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಯಾವ ಲೆಕ್ಕ ಹಿಡಿದರೂ, ಕನ್ನಡಕ್ಕೆ ಅವನು ಬರೆದ ವ್ಯಾಕರಣ 1162ಕ್ಕೆ ಮುಂಚಿನದು. ಕಾವ್ಯ ಎಂಬ ಮಾತಿನಲ್ಲಿ ಕನ್ನಡ ಕಾವ್ಯವೂ ಅಡಗಿರಬಹುದಲ್ಲವೆ ಎಂದು ನಾನು ಆ ಹುಡುಗಿಗೆ ಅಂದು ಸಮಾಧಾನ ಹೇಳಿದ್ದು. ಅಡಗಿರಬಹುದು, ನಿಜ. ಪಾಣಿನಿಯನ್ನೂ ಶಾಕಟಾಯನನನ್ನೂ ಹೆಸರು ಹಿಡಿದು ಕರೆಯುವ ಶಾಸನದಲ್ಲಿ ನಮ್ಮವರು ಅಡಗಿಯೇ ಇರಬೇಕೆ?

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಈ ಕಲ್ಲನ್ನು ಕೊರೆಸುತ್ತಿದ್ದ ಕಾಲಕ್ಕೆ ಕಲ್ಯಾಣದಲ್ಲಿ ಬಿಜ್ಜಳನ ಬಳಿ ಬಸವಣ್ಣನವರಿದ್ದರು. ಅಲ್ಲಮಪ್ರಭುವಿನ ಹುಟ್ಟೂರು ಇದೇ ಬಳ್ಳಿಗಾವೆ ಎಂಬುದು ಪರಂಪರೆಯ ನಂಬಿಕೆ. ಅಕ್ಕಮಹಾದೇವಿಯ ಉಡುತಡಿ ಇರುವುದು ಇದೇ ತಾಲ್ಲೂಕಿನಲ್ಲಿ. ಮುಂದೆ ಯಾವ ಸಾಹಿತ್ಯವನ್ನು ಓದದೆ ಕನ್ನಡದ ಯಾವ ಪದವಿಯೂ ಪೂರ್ಣವಾಗುವುದಿಲ್ಲವೋ ಆ ಸಾಹಿತ್ಯ ಅದೇ ವರ್ಷಗಳಲ್ಲಿ, ಅದೇ ನೆಲದ ಮಕ್ಕಳ ಬಾಯಲ್ಲಿ, ಮಠದ ಪಾಠಪಟ್ಟಿಯ ಹೊರಗೆ ಹುಟ್ಟುತ್ತಿತ್ತು. ವೇದಾಧ್ಯಯನಕ್ಕೆ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಚನಗಳನ್ನು ನುಡಿದ ಮಡಿವಾಳರೂ ಅಂಬಿಗರೂ ಹೆಣ್ಣುಮಕ್ಕಳೂ ಆ ಮಠಕ್ಕೆ ಹೋಗಿದ್ದರೆ ಅವರಿಗೆ ದೊರೆಯುತ್ತಿದ್ದುದು ಹೆಚ್ಚೆಂದರೆ ಊಟ.

ಈಗ ಏಳೂವರೆ ಶತಮಾನ ದಾಟಿ ಮೈಸೂರಿಗೆ ಬರೋಣ. ನಡುವೆ ಅಗ್ರಹಾರಗಳಲ್ಲಿ, ಮಠಗಳಲ್ಲಿ, ಕೂಲಿಮಠಗಳಲ್ಲಿ ಓದು ಬರಹ ನಡೆದೇ ಇತ್ತು. ಆದರೆ ಒಂದು ನಾಡು ತನ್ನ ಉನ್ನತ ವಿದ್ಯೆಯ ಪಟ್ಟಿಯನ್ನು ತಾನೇ ಕುಳಿತು ಬರೆಯುವ ಸಂದರ್ಭ ಮತ್ತೆ ಒದಗಿದ್ದು 1916ರಲ್ಲಿ. ಅಲ್ಲಿಯವರೆಗೆ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಯಾವ ವಿಷಯ ಓದಬೇಕು, ಯಾವ ಪುಸ್ತಕ ಓದಬೇಕು ಎಂಬುದು ಮದರಾಸಿನಲ್ಲಿ ನಿರ್ಧಾರವಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ದೇಶೀಯ ಸಂಸ್ಥಾನವೊಂದು ಕಟ್ಟಿಕೊಂಡ ಮೊದಲನೆಯ ವಿಶ್ವವಿದ್ಯಾನಿಲಯ ಅದು. ವಿಜ್ಞಾನ ಬೆಂಗಳೂರಿನ ಪಾಲಿಗೆ, ಸಾಹಿತ್ಯ ಮತ್ತು ಮಾನವಿಕ ವಿಷಯಗಳು ಮೈಸೂರಿನ ಪಾಲಿಗೆ ಎಂದು ಹಂಚಿಕೆಯಾಯಿತು.

ಮೊದಲ ವೈಸ್‌ಚಾನ್ಸಲರ್ ಎಚ್. ವಿ. ನಂಜುಂಡಯ್ಯನವರು. ಅವರು ಅದಕ್ಕೆ ಹಿಂದಿನ ವರ್ಷ, 1915ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಹೌದು. ಒಬ್ಬರೇ ಮಹನೀಯರು ಪರಿಷತ್ತಿನಲ್ಲಿಯೂ ಅಗ್ರಾಸನದಲ್ಲಿ, ವಿಶ್ವವಿದ್ಯಾನಿಲಯದಲ್ಲಿಯೂ ಅಗ್ರಾಸನದಲ್ಲಿ. ಕನ್ನಡಕ್ಕೆ ಇದಕ್ಕಿಂತ ಅನುಕೂಲವಾದ ಗ್ರಹಕೂಟ ಇರಲಾರದು ಎನ್ನಿಸುತ್ತದೆ. ಆದರೂ ಆ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ. ಹನ್ನೊಂದು ವರ್ಷ ತಡವಾಗಿ.

ಕನ್ನಡ ಅಲ್ಲಿ ಇರಲೇ ಇಲ್ಲವೆಂದಲ್ಲ. ಎರಡನೆಯ ಭಾಷೆಯಾಗಿತ್ತು, ಪಂಡಿತರಿದ್ದರು. ಮದರಾಸಿನ ಕಾಲದಲ್ಲಿಯೂ ಪರೀಕ್ಷೆಗೆ ಕುಳಿತು ಕನ್ನಡದಲ್ಲಿ ಎಂ.ಎ. ಆಗಬಹುದಾಗಿತ್ತು. ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು 1893ರಷ್ಟು ಹಿಂದೆಯೇ ಆ ಪದವಿ ಪಡೆದ ಮೊದಲಿಗರು. ಪರೀಕ್ಷೆ ಬೇರೆ, ಪೀಠ ಬೇರೆ. ಒಂದು ವಿಷಯಕ್ಕೆ ಒಬ್ಬ ಪ್ರಾಧ್ಯಾಪಕ, ಒಂದು ಕೋಣೆ, ಮುಂದೆ ನಾಲ್ಕು ಜನ ವಿದ್ಯಾರ್ಥಿಗಳು, ಹಿಂದೆ ಒಂದು ಪುಸ್ತಕಭಂಡಾರ ಇದ್ದಾಗಲೇ ಅದು ವ್ಯಾಸಂಗದ ವಿಷಯವಾಗುವುದು. ಅದಿಲ್ಲದಿದ್ದರೆ ವೈಯಕ್ತಿಕ ತಪಸ್ಸು.

ಈ ಹನ್ನೊಂದು ವರ್ಷ ಮಹಾರಾಜಾ ಕಾಲೇಜಿನಲ್ಲಿ ಉಳಿದ ವಿಷಯಗಳ ವೈಭವ ಹೇಗಿತ್ತೆಂಬುದನ್ನು ನೆನೆದರೆ ಕನ್ನಡದ ಗೈರುಹಾಜರಿ ಇನ್ನೂ ಎದ್ದು ಕಾಣುತ್ತದೆ. 1918ರಿಂದ 1921ರವರೆಗೆ ತತ್ತ್ವಶಾಸ್ತ್ರದ ಪೀಠದಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಇದ್ದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಗಾಡಿಯನ್ನು ರೈಲು ನಿಲ್ದಾಣಕ್ಕೆ ಎಳೆದುಕೊಂಡು ಹೋದ ಕಥೆ ಎಲ್ಲರಿಗೂ ಗೊತ್ತು. ಚರಿತ್ರೆಗೆ ರಾಧಾಕುಮುದ ಮುಖರ್ಜಿ. ತತ್ತ್ವಶಾಸ್ತ್ರಕ್ಕೆ ಎ. ಆರ್. ವಾಡಿಯಾ ಕೂಡ. ಸಂಸ್ಕೃತಕ್ಕೆ ಎಂ. ಹಿರಿಯಣ್ಣನವರು: ಅವರು ಮೈಸೂರಿನಲ್ಲಿ ವರ್ಷಗಟ್ಟಲೆ ಕೊಟ್ಟ ಉಪನ್ಯಾಸಗಳೇ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯನ್ನು ಕುರಿತ ಆ ಪ್ರಸಿದ್ಧ ಇಂಗ್ಲಿಷ್ ಗ್ರಂಥವಾದುವು. ಪಾಠದ ಕೋಣೆಯಲ್ಲಿ ಹುಟ್ಟಿ ಲೋಕವೆಲ್ಲ ಓದುವ ಪುಸ್ತಕವಾಗುವ ಭಾಗ್ಯ ಯಾವ ವಿಷಯಕ್ಕೆ ಬರುತ್ತದೆ ಎಂದರೆ, ಮೊದಲು ಪಾಠದ ಕೋಣೆ ದೊರೆತ ವಿಷಯಕ್ಕೆ.

1920ರ ದಶಕದಲ್ಲಿ ಉಪಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಶೀಲರು. (ಈಗ ಕುಲಪತಿ ಎನ್ನುತ್ತಾರೆ, ನನ್ನ ನಾಲಿಗೆಗೆ ಹಳೆಯ ಮಾತೇ ಬರುತ್ತದೆ.) ಸಕಲ ಶಾಸ್ತ್ರಗಳಲ್ಲಿಯೂ ಕೈಯಾಡಿಸಿದ ಮಹಾಪಂಡಿತರು. ಅವರ ಕಾಲದಲ್ಲಿ, 1924ರಲ್ಲಿ, ಮನಃಶಾಸ್ತ್ರ ಒಂದು ಪ್ರತ್ಯೇಕ ವಿಭಾಗವಾಯಿತು. ಆಗ ಭಾರತದಲ್ಲಿ ಕಲ್ಕತ್ತೆಯನ್ನು ಬಿಟ್ಟರೆ ಬೇರೆ ಕಡೆ ಅದನ್ನು ಕೇಳಿದವರೇ ಅಪರೂಪ. ಲಂಡನ್ನಿನಲ್ಲಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದರ ಮುಖ್ಯಸ್ಥರಾದರು. ಇದನ್ನು ಓದಿ ಯಾರಿಗೆ ಯಾವ ನೌಕರಿ ಸಿಕ್ಕೀತು ಎಂದು ಅಂದಿನ ತಂದೆತಾಯಿಗಳು ಕೇಳಿಯೇ ಕೇಳಿರುತ್ತಾರೆ. ಆ ಪ್ರಾಧ್ಯಾಪಕರು 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವ್ಯಾಟ್ ಶಕ್ತಿಯ ಒಂದು ಸಣ್ಣ ಪ್ರೇಷಕ ಯಂತ್ರವಿಟ್ಟು ಬಾನುಲಿ ಪ್ರಸಾರ ಆರಂಭಿಸಿದರು, ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಈಗ ನೀವು ಕೇಳುತ್ತಿರುವ ಈ ಧ್ವನಿಯ ಮೂಲವನ್ನು ಹುಡುಕುತ್ತ ಹೋದರೆ, ನಿರುಪಯೋಗಿಯೆಂದು ಜನ ಭಾವಿಸಿರಬಹುದಾದ ಒಂದು ವಿಷಯದ ಮೇಷ್ಟರ ಮನೆಗೆ ಹೋಗಿ ನಿಲ್ಲುತ್ತೇವೆ.

ಕನ್ನಡಕ್ಕೆ ಏಕೆ ತಡವಾಯಿತು? ತಾತ್ಸಾರದಿಂದ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅನ್ಯಾಯವಾದೀತು. ನಮ್ಮ ಹಿರಿಯರು ಯಾವ ಇಂಗ್ಲಿಷನ್ನು ನೋಡಿ ತಲೆತಗ್ಗಿಸುತ್ತಿದ್ದರೋ ಆ ಇಂಗ್ಲಿಷಿನ ಪಾಡೂ ಅದರ ಮನೆಯಲ್ಲಿ ಹೀಗೆಯೇ ಇತ್ತು. ಲಂಡನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರಾಧ್ಯಾಪಕರಿದ್ದರು, ನಿಜ. ಆದರೆ ಗ್ರೀಕ್ ಲ್ಯಾಟಿನ್‌ಗಳ ಕೋಟೆಯಾಗಿದ್ದ ಕೇಂಬ್ರಿಜ್ ತನ್ನ ನಾಡಿನ ಸಾಹಿತ್ಯವನ್ನು ಸ್ವತಂತ್ರವಾದ ಆನರ್ಸ್ ವಿಷಯವಾಗಿ ಅಂಗೀಕರಿಸಿದ್ದು 1917ರಲ್ಲಿ. ಅಂದರೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ಮರುವರ್ಷ! ಮನೆಯ ಮಾತನ್ನು ಕಲಿಸುವುದಕ್ಕೆ ಪ್ರಾಧ್ಯಾಪಕ ಏಕೆ ಎಂಬ ಅನುಮಾನ ಎಲ್ಲ ದೇಶಗಳ ವಿದ್ವಾಂಸರಿಗೂ ಇದ್ದದ್ದೇ. ಕಲ್ಕತ್ತೆ 1919ರಲ್ಲಿ, ಆಶುತೋಷ ಮುಖರ್ಜಿಯವರ ಹಟದಿಂದ, ಭಾರತೀಯ ದೇಶಭಾಷೆಗಳಲ್ಲಿ ಎಂ.ಎ. ಆರಂಭಿಸಿತು. ಮೈಸೂರು ಅದನ್ನು ನೋಡಿಯೂ ಎಂಟು ವರ್ಷ ಕಾಯಿತು ಎಂಬುದು ಮಾತ್ರ ನನ್ನ ಆಕ್ಷೇಪ.

ಬಾಗಿಲು ತೆರೆಸಿದವರು ಹೊರಗಿನಿಂದ ಕೂಗಿದವರಲ್ಲ. ಒಳಗೆ ಬೇರೆ ಕೋಣೆಯಲ್ಲಿದ್ದವರು. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದವರು. ಎಂ.ಎ. ತರಗತಿ ಆರಂಭವಾದಾಗ ಕನ್ನಡದ ಗೌರವ ಪ್ರಾಧ್ಯಾಪಕರಾದರು. ಅಂದರೆ ಇಂಗ್ಲಿಷಿನ ಸಂಬಳದಲ್ಲಿ ಕನ್ನಡದ ಕೆಲಸ! ಜೊತೆಗೆ ನಿಂತವರು ಟಿ. ಎಸ್. ವೆಂಕಣ್ಣಯ್ಯನವರು. ಆ ಮೊದಲ ತರಗತಿಯಲ್ಲಿ ಕುಳಿತವರಲ್ಲಿ ಕೆ. ವಿ. ಪುಟ್ಟಪ್ಪನವರು ಒಬ್ಬರು, 1929ರಲ್ಲಿ ತೇರ್ಗಡೆಯಾಗಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಡಿ. ಎಲ್. ನರಸಿಂಹಾಚಾರ್ಯರೂ ಆ ಆರಂಭದ ವರ್ಷಗಳ ವಿದ್ಯಾರ್ಥಿಯೇ. ಒಂದು ವಿಷಯವನ್ನು ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಏನೇನಾಗುತ್ತದೆ ಎಂಬುದಕ್ಕೆ ಮುಂದಿನ ದಶಕಗಳೇ ಸಾಕ್ಷಿ. ತರಗತಿಗೆ ಪಠ್ಯ ಬೇಕು, ಆದ್ದರಿಂದ ತಾಳೆಗರಿಯ ಕಾವ್ಯಗಳು ಶುದ್ಧ ಮುದ್ರಣಕ್ಕೆ ಬಂದುವು. ಶುದ್ಧಪಾಠ ಯಾವುದು ಎಂಬ ಪ್ರಶ್ನೆ ಎದ್ದಿತು, ಆದ್ದರಿಂದ ಡಿ.ಎಲ್.ಎನ್. ಅವರ ‘ಕನ್ನಡ ಗ್ರಂಥಸಂಪಾದನೆ’ ಹುಟ್ಟಿತು. ರಸ, ಧ್ವನಿ ಎಂದರೇನೆಂದು ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಹೇಳಬೇಕಾಗಿತ್ತು, ಆದ್ದರಿಂದ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಬಂತು. 1946ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಿತ್ತು. ಗ್ರಂಥಗಳಿಲ್ಲ, ಆದ್ದರಿಂದ ತರಗತಿ ಬೇಡ ಎನ್ನುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ತರಗತಿ ಇಲ್ಲದ್ದರಿಂದಲೇ ಗ್ರಂಥಗಳಿರಲಿಲ್ಲ.

ವಚನಗಳ ಮಾತು ಅರ್ಧಕ್ಕೇ ನಿಂತಿತ್ತು. ಅವುಗಳನ್ನು ಓಲೆಯ ಕಟ್ಟುಗಳಿಂದ ಬಿಡಿಸಿ ಲೋಕದ ಮುಂದಿಟ್ಟವರು ಪ್ರಾಧ್ಯಾಪಕರಲ್ಲ, ಬಿಜಾಪುರದ ವಕೀಲರು: ಫ. ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ಮೈಸೂರಿನಲ್ಲಿ ಎಂ.ಎ. ಆರಂಭವಾಗಲು ಇನ್ನೂ ನಾಲ್ಕು ವರ್ಷವಿತ್ತು. ಹನ್ನೆರಡನೆಯ ಶತಮಾನದಲ್ಲಿ ಹೊರಗೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿಯೂ ಹೊರಗಿನವರ ಕೈಯಿಂದಲೇ ಪಾಠಪಟ್ಟಿಯ ಒಳಗೆ ಬಂತು.

1956ರಲ್ಲಿ ಮೊದಲ ತರಗತಿಯ ಆ ವಿದ್ಯಾರ್ಥಿಯೇ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಯಾದರು. 1960ರಲ್ಲಿ ಕುವೆಂಪು ಅವರ ಕನಸಿನಂತೆ ಮಾನಸಗಂಗೋತ್ರಿ ಎದ್ದಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು. 1970ರ ದಶಕದಲ್ಲಿ ಜಾನಪದವೇ ಒಂದು ಎಂ.ಎ. ವಿಷಯವಾಯಿತು. ಕೋಡಿಯ ಮಠದ ಊಟದ ಪಂಕ್ತಿಯಲ್ಲಿ ಕುಳಿತಿದ್ದ ಕಥೆಗಾರ, ಹಾಡುಗಾರ ಎಂಟುನೂರು ವರ್ಷಗಳ ಮೇಲೆ ಓದಿನ ಪಟ್ಟಿಗೆ ಎದ್ದು ಬಂದರು. ನಾನು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ, ನಾಲ್ಕು ದಶಕಗಳ ಹಿಂದೆ, ಬೆಳಿಗ್ಗೆ ‘ಶಬ್ದಮಣಿದರ್ಪಣ’ ಓದಿ, ಮಧ್ಯಾಹ್ನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಸುಮ್ಮನೆ ಅಡ್ಡಾಡುವುದಿತ್ತು. ಪರೀಕ್ಷೆಗೆ ಬಾರದ ಓದು ಅದು. ನೆನಪಿನಲ್ಲಿ ಉಳಿದದ್ದೂ ಅದೇ ಹೆಚ್ಚು. ಮುಂದೆ 1991ರಲ್ಲಿ ಹಂಪಿಯಲ್ಲಿ ಕನ್ನಡಕ್ಕೇ ಒಂದು ವಿಶ್ವವಿದ್ಯಾನಿಲಯವಾಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೂ ಒಂದಾಯಿತು.

ಒಳಗೆ ಬರುವಾಗ ಇಷ್ಟೆಲ್ಲ ಕಥೆ ಇರುತ್ತದೆ. ಹೋಗುವಾಗ ಕಥೆಯೇ ಇರುವುದಿಲ್ಲ. ನಾನು ಕೆಲಸಮಾಡಿದ ಊರಿನ ಕಾಲೇಜಿನಲ್ಲಿ ಎಚ್.ಇ.ಕೆ. ಎಂಬ ಕಾಂಬಿನೇಷನ್ ಇತ್ತು: ಚರಿತ್ರೆ, ಅರ್ಥಶಾಸ್ತ್ರ, ಕನ್ನಡ. ನಾನು ಸೇರಿದಾಗ ಅದರಲ್ಲಿ ನಲವತ್ತು ಮಂದಿ. ಬೆಂಚು ಸಾಲದೆ ಹಿಂದಿನವರು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಕೊನೆಕೊನೆಗೆ ಹನ್ನೆರಡು, ಎಂಟು, ಐದು. ಬಳ್ಳಿಗಾವೆಗೆ ಹೋಗಿ ಬಂದ ಮರುವರ್ಷ ಅರ್ಜಿ ಹಾಕಿದವರು ಮೂವರು. ಇಷ್ಟು ಜನರಿಗೆ ತರಗತಿ ನಡೆಸಲಾಗದೆಂದು ತೀರ್ಮಾನವಾಯಿತು. ಮೂವರನ್ನೂ ಬೇರೆ ವಿಷಯಗಳಿಗೆ ಸೇರಿಸಿದರು. ಕನ್ನಡವನ್ನು ಮುಚ್ಚಿದ್ದೇವೆ ಎಂದು ಯಾರೂ ಹೇಳಲಿಲ್ಲ. ಭಾಷಾ ಪಾಠವಾಗಿ ಅದು ಇದ್ದೇ ಇತ್ತು, 1916ರಲ್ಲಿದ್ದ ಹಾಗೆ. ಸೂಚನಾ ಫಲಕಕ್ಕೆ ಅಂಟಿಸಿದ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಗಿತ್ತು, ಅಷ್ಟೆ. ಆಮೇಲೆ ನಾಡಿನ ಪಟ್ಟಿಗಳೇ ಬದಲಾದುವು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ವಿಷಯಗಳನ್ನು ಹೀಗೆ ಜೋಡಿಸಿದರು, ಹಾಗೆ ಬಿಡಿಸಿದರು. ಆ ಒಂದು ಸಾಲು ನಮ್ಮ ಕಾಲೇಜಿಗೆ ಹಿಂದಿರುಗಲಿಲ್ಲ. ನಲವತ್ತು ಮಂದಿ ಇದ್ದ ಕಾಲದಲ್ಲಿ ನಾವು ಮೇಷ್ಟರುಗಳು ಪಾಠವನ್ನು ಇನ್ನಷ್ಟು ಚೆನ್ನಾಗಿ ಹೇಳಿದ್ದರೆ ಅದು ಐದಕ್ಕೆ ಇಳಿಯುತ್ತಿತ್ತೇ ಎಂಬ ಯೋಚನೆಯೂ ನನಗೆ ಬರುವುದುಂಟು. ಟಿಪ್ಪಣಿ ಬರೆಸಿ ಬರೆಸಿ ಅಲ್ಲಮನನ್ನು ಪರೀಕ್ಷೆಯ ಹತ್ತು ಅಂಕದ ಪ್ರಶ್ನೆಯನ್ನಾಗಿ ಮಾಡಿದವರಲ್ಲಿ ನಾನೂ ಒಬ್ಬ.

ಬಳ್ಳಿಗಾವೆಯಲ್ಲಿ ಪ್ರಶ್ನೆ ಕೇಳಿದ ಹುಡುಗಿ ಮುಂದೆ ಮೈಸೂರಿಗೆ ಹೋಗಿ ಕನ್ನಡ ಎಂ.ಎ. ಸೇರಿದಳು. ಒಂದು ದಿನ ದೂರವಾಣಿಯಲ್ಲಿ ಕರೆದು, ತಾನು ಶಾಸನಶಾಸ್ತ್ರ ತೆಗೆದುಕೊಂಡಿರುವುದಾಗಿಯೂ ಕೋಡಿಯ ಮಠದ ಶಾಸನದ ನನ್ನ ಟಿಪ್ಪಣಿ ಬೇಕೆಂದೂ ಕೇಳಿದಳು. ಕಳಿಸುತ್ತೇನಮ್ಮ ಎಂದೆ. ಶಾಸನ ತೆಗೆದುಕೊಂಡವರು ಎಷ್ಟು ಮಂದಿ ಇದ್ದೀರಿ ಎಂದು ವಿಚಾರಿಸಿದೆ.

“ಏಳು ಜನ ಸರ್,” ಎಂದಳು.

ನಮ್ಮ ಜೀಪಿನಲ್ಲಿ ಹಿಡಿಸುತ್ತಿರಲಿಲ್ಲ.